ಮುಕ್ಕಾಲು

ಕಾಲೇ, ಇವತ್ತೊಂದು ದಿನ ನನ್ನ ಮಾತು ಕೇಳು.
ನೀನು ಸಾಕ್ಷಿ, ನಾನೇ ನಿನ್ನ ವಕೀಲೆ,
ಬೇರೆಯವರನ್ನು ಇಡುವಷ್ಟು ನಮ್ಮಲ್ಲಿಲ್ಲ.
ಇದ್ದದ್ದನ್ನು ಹೇಳು. ಗೋಳಾಡಬೇಡ, ಮೆರೆಯಲೂ ಬೇಡ.
ಬೆಳಗಿನ ಜಾವ ನಾಲ್ಕಕ್ಕೇ ನನ್ನನ್ನು ಎಬ್ಬಿಸಿ ಕೂಗುವವಳು
ದೊಡ್ಡವರ ಎದುರು ಮಾತ್ರ
ನೆಂಟರ ಮನೆಗೆ ಕರೆದೊಯ್ದ ಕೂಸಿನ ಹಾಗೆ
ತೆಪ್ಪಗಿದ್ದುಬಿಡುತ್ತೀಯ.

ಮೆಗ್ಗಾನಿನಲ್ಲೂ ಹಾಗೇ ಮಾಡಿದೆ.
ಡಾಕ್ಟರು ಮಡಚು ಅಂದರು, ಮಡಚಿದೆ.
ಚಾಚು ಅಂದರು, ಚಾಚಿದೆ.
ಗಾರ್ಮೆಂಟ್ಸಿನ ಬಸ್ಸು ಮಾಚೇನಹಳ್ಳಿ ಹತ್ತಿರ ಮಗುಚಿದ್ದನ್ನು
ಅವರು ಕೇಳಲಿಲ್ಲ, ನೀನೂ ಹೇಳಲಿಲ್ಲ.
ಒಳಗಿರುವ ಎರಡು ಮೊಳೆ, ಒಂದು ಸರಳು,
ಚಳಿಗೆ ಅವು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವುದು,
ಯಾವುದಕ್ಕೂ ಬಾಯಿಬಿಡಲಿಲ್ಲ.
ಮೂರು ನಿಮಿಷ.
ನೂರಕ್ಕೆ ಮೂವತ್ತೆಂಟು ಅಂತ ಬರೆದರು.
ನಲವತ್ತಾಗಿದ್ದರೆ ಮಾಸಾಶನ.

ಆ ಎರಡು ಅಂದರೆ ಎಷ್ಟು?
ಹೆಬ್ಬೆರಳೇ, ಹಿಮ್ಮಡಿಯೇ?
ತಾಂಡಾದ ಶಾಲೆಯಲ್ಲಿ ಮೇಷ್ಟ್ರು
ಹಲಗೆಯ ಮೇಲೆ ರೊಟ್ಟಿ ಬರೆದು ಕೊಯ್ದು ತೋರಿಸಿದ್ದರು:
ಕಾಲು, ಅರೆ, ಮುಕ್ಕಾಲು, ಒಂದು.
ಆ ಲೆಕ್ಕದಲ್ಲಿ ಎರಡು ಕಾಲು ನೆಟ್ಟಗಿರುವವರೆಲ್ಲ
ಅರೆ ಮನುಷ್ಯರು.
ನಾನು ಕೋಲೂ ಸೇರಿ ಮುಕ್ಕಾಲು.
ರೂಪ್ಲಾ ಇದಕ್ಕೆ ಬಸ್ಸಿನಲ್ಲಿ ಎಷ್ಟು ನಕ್ಕನೆಂದರೆ
ಗೋಪಿ ಸರ್ಕಲ್ ದಾಟಿದ್ದೇ ತಿಳಿಯಲಿಲ್ಲ.

ಕಚೇರಿ ಮಹಡಿಯ ಮೇಲೆ.
ಲಿಫ್ಟಿಗೆ ಅಂಟಿಸಿದ ‘ದುರಸ್ತಿಯಲ್ಲಿದೆ’ ಚೀಟಿಗೇ
ದುರಸ್ತಿ ಬೇಕಾಗಿದೆ, ಅರ್ಧ ಹರಿದಿದೆ.
ಮೆಟ್ಟಿಲು ಇಪ್ಪತ್ತೆರಡು.
“ಚಾಂದಿಬಾಯಿ ಕೋಂ ರೂಪ್ಲಾನಾಯ್ಕ!”
ದಲಾಯತ ಮೂರು ಸಲ ಕೂಗುತ್ತಾನೆ,
ಮೂರಕ್ಕೂ ಓಗೊಡದಿದ್ದರೆ ಗೈರು,
ಗೈರಾದರೆ ಕಡತಕ್ಕೆ ದಾರ ಕಟ್ಟುತ್ತಾರೆ.
ಒಂದನೇ ಕೂಗಿಗೆ ಏಳನೇ ಮೆಟ್ಟಿಲು.
ಎರಡನೆಯದಕ್ಕೆ ಹದಿನಾಲ್ಕು. ಯಾರೋ ಬೆರಳಿನ ಸುಣ್ಣ
ಒರೆಸಿಹೋದ ಗೋಡೆಗೆ ಕೈಯೂರಿ ನಿಂತೆ.
ಎತ್ತಿಕೊಳ್ಳಲಾ ಅಂದ ರೂಪ್ಲಾ.
ನಲವತ್ತೊಂದು ವರ್ಷದ ಹೆಂಗಸನ್ನು, ಕಚೇರಿಯಲ್ಲಿ!
ಮೂರನೇ ಕೂಗಿಗೆ “ಬಂದೇ” ಅಂತ
ಬಾಯಿ ಮೊದಲು ಮೇಲೆ ತಲುಪಿತು,
ಅದರ ಹಿಂದೆ ನಾನು,
ನನ್ನ ಹಿಂದೆ ನೀನು.

ಸಾಹೇಬರು ಎಳೆ ವಯಸ್ಸಿನವರು.
ಕತ್ತಿಗೆ ದಪ್ಪ ಪಟ್ಟಿ, ಕೆಳಗೆ ನೋಡಲಾಗುವುದಿಲ್ಲ,
ಕಾಗದವನ್ನೇ ಕಣ್ಣಿನ ಮಟ್ಟಕ್ಕೆ ಎತ್ತಿ ಓದುತ್ತಾರೆ.
ನೀನಿರುವುದು ಕೆಳಗೆ.
“ಮೇಲಕ್ಕೆ ಹೇಗೆ ಬಂದ್ರಿ?”
“ಹತ್ತಿ ಬಂದೆ ಸಾರ್.”
“ಹತ್ತಿ ಬಂದ್ರಿ.”
ಬರೆದುಕೊಂಡರು.
ಆಡಿದ ಮಾತು, ಮತ್ತೆ ನುಂಗಲು ಬರುವುದಿಲ್ಲ.
ಬಾರದಿದ್ದರೆ ಗೈರು, ಬಂದರೆ ಗಟ್ಟಿ.
ಕಾಲಾದರೂ ಹಿಡಿಯೋಣವೆಂದರೆ
ಬಗ್ಗುವುದಕ್ಕೆ ನೀನು ಬಿಡುವುದಿಲ್ಲ,
ಬಗ್ಗಿದ್ದನ್ನು ನೋಡಲು ಅವರ ಕತ್ತು ಬಿಡುವುದಿಲ್ಲ.

“ತುಂಬಾ ನೋವಾ ಸಾರ್, ಕತ್ತು?”
ಯಾಕೆ ಕೇಳಿದೆನೋ.
ಪೆನ್ನು ನಿಂತಿತು.
“ಹೂಂ. ಆರು ತಿಂಗಳಾಯ್ತು. ರಾತ್ರಿ ಜಾಸ್ತಿ.”
ನೂರಕ್ಕೆ ಎಷ್ಟು ಅನ್ನುವುದು ನಾಲಿಗೆಯ ತುದಿಗೆ ಬಂದು
ಅಲ್ಲೇ ಕೂತಿತು.
ಅವರು ಬರೆದದ್ದನ್ನು ಒಂದು ಸಲ ನೋಡಿದರು.
ಹೊಡೆದುಹಾಕಲಿಲ್ಲ. ಕೆಳಗೆ ಇನ್ನೊಂದು ಸಾಲು ಸೇರಿಸಿದರು:
ಮರುತಪಾಸಣೆಗೆ. ಹನ್ನೆರಡನೇ ತಾರೀಖು. ಮೆಗ್ಗಾನು.

ಇಳಿಯುವಾಗ ಯಾರೂ ಹೆಸರು ಕೂಗಲಿಲ್ಲ.
ನಾಲ್ಕು ಮೆಟ್ಟಿಲು ಇಳಿದಿರಲಿಲ್ಲ, ನೀನು ಬಾಯಿಬಿಟ್ಟೆ.
ಬಸ್ಸು, ಮೊಳೆ, ಸರಳು, ಕಿಟಕಿಯ ಕಂಬಿಗೆ ಸಿಕ್ಕಿಕೊಂಡ
ಮಂಜುಳಾಳ ಜಡೆ, ಎಲ್ಲ ಹೇಳಿದೆ,
ಒಂದನ್ನೂ ಮರೆಯದೆ, ಒಂದನ್ನೂ ಬೆಳೆಸದೆ,
ನಾನು ಬೇಡಿಕೊಂಡಿದ್ದ ಹಾಗೆಯೇ.
ಕೇಳಬೇಕಾದವರು ಮೇಲೆ ಉಳಿದಿದ್ದರು.

ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತೆ,
ಕೂತೇ ಒಂದೊಂದು ಮೆಟ್ಟಿಲು ಜಾರಿದೆ.
ರೂಪ್ಲಾ ಮುಂದೆ ಕೋಲು ಹಿಡಿದು
ಯಾರದೋ ಮೆರವಣಿಗೆಗೆ ದಾರಿ ಬಿಡಿಸುವವನಂತೆ.
ಕೆಳಗೆ ಅಪ್ಪನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು
ಹುಡುಗಿಯೊಬ್ಬಳು ಮೇಲೆ ನೋಡುತ್ತಿದ್ದಳು.
“ಎಷ್ಟು ಮೆಟ್ಟಿಲಕ್ಕಾ?”
“ಇಪ್ಪತ್ತೆರಡು,” ಅಂದೆ.
“ಇಳಿಯುವಾಗ ಇನ್ನೂ ಜಾಸ್ತಿ ಇರುತ್ತೆ.”